ಶಿಫ್ಟ್ ಟೆಕ್ನಿಷಿಯನ್‌ನಿಂದ ಚೀಫ್ ಎಂಜಿನಿಯರ್ ಕುರ್ಚಿಗೆ: ನನ್ನ ಅನುಭವ

ಡಿಪ್ಲೊಮಾ ಮುಗಿಸಿ ಹೋಟೆಲ್‌ಗೋ ಟೆಕ್ ಪಾರ್ಕ್‌ಗೋ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಸರ್, ಈ ಲೈನ್‌ನಲ್ಲಿ ಮುಂದೆ ಬರಬಹುದಾ?" ಖಂಡಿತ ಬರಬಹುದು. ಆದರೆ ಕೈಕೆಲಸ ಚೆನ್ನಾಗಿ ಬಂದರೆ ಸಾಲದು. ಕಟ್ಟಡಕ್ಕೆ ಹೋಗುವ ಕರೆಂಟು, ನೀರು, ಡೀಸೆಲ್ಲನ್ನು ರೂಪಾಯಿ ಲೆಕ್ಕದಲ್ಲಿ ಮಾಲೀಕರ ಮುಂದೆ ಇಡುವುದಕ್ಕೆ ಬರಬೇಕು. ನನ್ನನ್ನು ಮೇಲಕ್ಕೆ ತಂದಿದ್ದು ಅದೇ.

ನಾನು ದಾವಣಗೆರೆ ಕಡೆಯವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಹೋಟೆಲ್‌ಗೆ ಶಿಫ್ಟ್ ಟೆಕ್ನಿಷಿಯನ್ ಆಗಿ ಸೇರಿದೆ. ಬೆಸ್ಕಾಂನ 11 ಕೆವಿ ಲೈನ್ ಯಾರ್ಡ್‌ಗೆ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು 433 ವೋಲ್ಟ್‌ಗೆ ಇಳಿಸುತ್ತದೆ, ಅಲ್ಲಿಂದ ಪ್ಯಾನೆಲ್, ಪಕ್ಕದಲ್ಲಿ ಡಿಜಿ, ಅಂದರೆ ಡೀಸೆಲ್ ಜನರೇಟರ್. ಗಂಟೆಗೊಮ್ಮೆ ರೀಡಿಂಗ್ ಬರೆಯುವುದು ನನ್ನ ಕೆಲಸ. ಎಲೆಕ್ಟ್ರಿಕಲ್‌ನವರಿಗೆ ಒಂದು ಅಭ್ಯಾಸ ಇದೆ, ಎಸಿ ಪ್ಲಾಂಟ್ ನಮ್ಮದಲ್ಲ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಅಂತೂ ನಮ್ಮದೇ ಅಲ್ಲ ಅಂತ ದೂರ ಇರುತ್ತಾರೆ. ನಾನು ನೈಟ್ ಶಿಫ್ಟ್‌ನಲ್ಲಿ ಚಿಲ್ಲರ್ (ಎಸಿಗೆ ನೀರು ತಣ್ಣಗೆ ಮಾಡುವ ಮೆಷಿನ್) ಆಪರೇಟರ್ ಅಣ್ಣನ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಎಸ್‌ಟಿಪಿಯ ಏರೇಷನ್ ಟ್ಯಾಂಕ್‌ನ ನೊರೆ ಬಣ್ಣ ನೋಡಿ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಚೆನ್ನಾಗಿದೆಯೋ ಇಲ್ಲವೋ ಹೇಳುವುದನ್ನು ಕಲಿಸಿದ್ದು ಅಲ್ಲಿನ ಆಪರೇಟರ್. ಡ್ಯೂಟಿ ಎಂಜಿನಿಯರ್ ಜಾಗ ಖಾಲಿಯಾದಾಗ ಎಲ್ಲ ಪ್ಲಾಂಟ್ ಗೊತ್ತಿದ್ದವನು ನಾನೊಬ್ಬನೇ.

ಅಸಿಸ್ಟೆಂಟ್ ಚೀಫ್ ಆದ ಮೇಲಿನ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮದು 250 ಟನ್ನಿನ ವಾಟರ್ ಕೂಲ್ಡ್ ಚಿಲ್ಲರ್. ಇಲ್ಲಿ ಟನ್ ಅಂದರೆ ತೂಕ ಅಲ್ಲ, ತಣ್ಣಗೆ ಮಾಡುವ ಸಾಮರ್ಥ್ಯದ ಅಳತೆ. ಲಾಗ್ ಶೀಟ್‌ನಲ್ಲಿ ಕಂಡೆನ್ಸರ್ ಅಪ್ರೋಚ್ ನಿಧಾನಕ್ಕೆ ಏರುತ್ತಿತ್ತು. ಅಪ್ರೋಚ್ ಅಂದರೆ, ಕಂಡೆನ್ಸರ್‌ನಲ್ಲಿ ಗ್ಯಾಸ್ ದ್ರವವಾಗುವ ಉಷ್ಣತೆಗೂ ಅಲ್ಲಿಂದ ಹೊರಬರುವ ನೀರಿನ ಉಷ್ಣತೆಗೂ ಇರುವ ವ್ಯತ್ಯಾಸ. ನೀರು ಹರಿಯುವ ಟ್ಯೂಬ್ ಕ್ಲೀನ್ ಇದ್ದಾಗ ಅದು ಒಂದು ಡಿಗ್ರಿ ಆಸುಪಾಸಿನಲ್ಲಿತ್ತು, ಈಗ ಐದರ ಹತ್ತಿರ ಬಂದಿತ್ತು. ಕಂಡೆನ್ಸರ್ ನೀರನ್ನು ತಣಿಸುವ ಕೂಲಿಂಗ್ ಟವರ್‌ಗೆ ಬೋರ್‌ವೆಲ್ ನೀರು, ಗಡಸು ನೀರು. ಟ್ಯೂಬ್ ಒಳಗೆ ಸ್ಕೇಲ್, ಅಂದರೆ ಸುಣ್ಣದಂಥ ಪದರ, ಕಟ್ಟಿದೆ ಅನ್ನುವುದು ಸ್ಪಷ್ಟ. ಅದನ್ನು ತೆಗೆಯುವ ಡಿಸ್ಕೇಲಿಂಗ್‌ಗೆ ಹಣ ಕೇಳಿದರೆ, "ರೂಮೆಲ್ಲ ತಣ್ಣಗೇ ಇದೆಯಲ್ಲ" ಅನ್ನುವ ಉತ್ತರ ಬರುತ್ತಿತ್ತು.

ಅದಕ್ಕೇ ನಾನು ಪ್ಲಾಂಟ್ ಭಾಷೆ ಬಿಟ್ಟು ಲೆಕ್ಕ ಬರೆದುಕೊಂಡು ಹೋದೆ. ಒಂದು ಟನ್‌ಗೆ 0.7 ಕಿಲೋವ್ಯಾಟ್ ಅಂದರೆ ಮೆಷಿನ್ ಎಳೆಯುವುದು 175 ಕಿಲೋವ್ಯಾಟ್. ಕಂಡೆನ್ಸರ್ ಉಷ್ಣತೆ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಸುಮಾರು ಎರಡು-ಮೂರು ಶೇಕಡಾ ಜಾಸ್ತಿ ಎಳೆಯುತ್ತದೆ. ನಾಲ್ಕು ಡಿಗ್ರಿಗೆ ಶೇ. 10 ಅಂತ ಇಟ್ಟುಕೊಂಡರೆ 17.5 ಕಿಲೋವ್ಯಾಟ್ ಸುಮ್ನೆ ಹೋಗುತ್ತಿದೆ. ದಿನಕ್ಕೆ 12 ಗಂಟೆ ಫುಲ್ ಲೋಡ್‌ಗೆ ಸಮ ಅಂದರೆ ತಿಂಗಳಿಗೆ 6,300 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ತಿಂಗಳಿಗೆ 50 ಸಾವಿರ. ಈ ಒಂದು ಹಾಳೆ ನೋಡಿ ಜನರಲ್ ಮ್ಯಾನೇಜರ್ ಅಲ್ಲೇ ಸಹಿ ಹಾಕಿದರು. ಟ್ಯೂಬ್ ಕ್ಲೀನ್ ಆಯಿತು, ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ರಿಪೇರಿ ಆಯಿತು, ಅಪ್ರೋಚ್ ಇಳಿಯಿತು. ಆಮೇಲಿಂದ ಬಜೆಟ್ ಮೀಟಿಂಗ್‌ಗೆ ನನ್ನನ್ನೂ ಕರೆಯತೊಡಗಿದರು. ಚೀಫ್ ಆಗುವ ದಾರಿ ತೆರೆದದ್ದು ಅಲ್ಲಿಂದ.

ಕಾಗದ ಪತ್ರದ ಕಡೆಗೂ ಗಮನ ಬೇಕು. ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರ್ಮಿಟ್ ಮೊದಲು ಮಾಡಿಸಿಕೊಳ್ಳಿ. ಆಮೇಲೆ ಬಿಇಇಯ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ) ರಾಷ್ಟ್ರೀಯ ಪರೀಕ್ಷೆ. ಮೂರು ಪೇಪರ್ ಪಾಸಾದರೆ ಎನರ್ಜಿ ಮ್ಯಾನೇಜರ್, ನಾಲ್ಕೂ ಪಾಸಾದರೆ ಎನರ್ಜಿ ಆಡಿಟರ್. ಡಿಪ್ಲೊಮಾದವರೂ ಅನುಭವ ಇದ್ದರೆ ಮ್ಯಾನೇಜರ್ ಪರೀಕ್ಷೆ ಬರೆಯಬಹುದು. ಬಾಯ್ಲರ್, ಪಂಪ್, ಫ್ಯಾನ್, ಮೋಟರ್, ಚಿಲ್ಲರ್ ಎಲ್ಲ ಓದಲೇಬೇಕಾಗುತ್ತದೆ. ಸರ್ಟಿಫಿಕೇಟಿಗಿಂತ ಆ ಓದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಲಿಫ್ಟ್ ಲೈಸೆನ್ಸ್, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ತಪಾಸಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಅನುಮತಿ ಪತ್ರ) ಯಾವಾಗ ಮುಗಿಯುತ್ತವೆ ಅನ್ನುವುದು ಚೀಫ್‌ಗೆ ಬಾಯಲ್ಲೇ ಇರಬೇಕು.

ಒಂದು ಬೇಸರದ ಮಾತೂ ಇದೆ. ಈಗ ಬಹಳ ಕಡೆ ಮೆಂಟೆನೆನ್ಸ್ ಪೂರ್ತಿ ಏಜೆನ್ಸಿ ಕೈಯಲ್ಲಿದೆ. ನಾನು ನಡುವೆ ಕೆಲಸ ಮಾಡಿದ ಒಂದು ಆಫೀಸ್ ಕಟ್ಟಡದಲ್ಲಿ ಏಜೆನ್ಸಿ ಬದಲಾಯಿತು. ಅದೇ ಪ್ಯಾನೆಲ್ ರೂಮ್, ಅದೇ ಜನ, ಆದರೆ ನಮ್ಮ ಸೇವಾವಧಿ ಮತ್ತೆ ಸೊನ್ನೆಯಿಂದ ಶುರು. ಇದು ಅನ್ಯಾಯ. ಸೇರುವ ಮೊದಲು ಯಾರ ರೋಲ್‌ನಲ್ಲಿ ಇರುತ್ತೀರಿ, ಕಾಂಟ್ರಾಕ್ಟ್ ಎಷ್ಟು ವರ್ಷದ್ದು ಅಂತ ಮುಲಾಜಿಲ್ಲದೆ ಕೇಳಿ.

ಅವಕಾಶ ಹೋಟೆಲ್‌ಗೇ ಮುಗಿಯುವುದಿಲ್ಲ. ಆಸ್ಪತ್ರೆಗೆ ಹೋದರೆ ಮೆಡಿಕಲ್ ಗ್ಯಾಸ್, ಆಪರೇಷನ್ ಥಿಯೇಟರ್‌ನ ಗಾಳಿ ಕಲಿಯಬೇಕು, ಜವಾಬ್ದಾರಿಯೂ ದೊಡ್ಡದು. ಡೇಟಾ ಸೆಂಟರ್‌ನವರು ಯುಪಿಎಸ್, ಚಿಲ್ಲರ್ ಎರಡೂ ಬಲ್ಲವರನ್ನು ಹುಡುಕುತ್ತಾರೆ. ಅಲ್ಲಿ ಒಂದು ನಿಮಿಷ ಕರೆಂಟ್ ಹೋಗುವ ಹಾಗಿಲ್ಲ, ಸಂಬಳವೂ ಅದಕ್ಕೆ ತಕ್ಕ ಹಾಗೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ ಮತ್ತು ನೀರಿನ ಲೆಕ್ಕ ಗೊತ್ತಿರುವವರಿಗೆ ಬೆಲೆ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನನ್ನ ಜೊತೆ ಶಿಫ್ಟ್ ಮಾಡಿದ ಕೆಲವರು ಗಲ್ಫ್‌ಗೆ ಹೋಗಿ ಚೆನ್ನಾಗಿದ್ದಾರೆ. ಚೀಫ್ ಆದ ಮೇಲೆ ಹಲವು ಕಟ್ಟಡಗಳನ್ನು ಒಟ್ಟಿಗೆ ನೋಡುವ ಹುದ್ದೆಗಳೂ ಇವೆ.

ಈಗ ಇಂಟರ್‌ವ್ಯೂ ಮಾಡುವುದು ನಾನೇ. ಓಮ್ಸ್ ಲಾ ಹೇಳಿ ಅಂತ ಕೇಳುವುದಿಲ್ಲ. ಕಳೆದ ತಿಂಗಳ ಎಚ್‌ಟಿ (ಹೈ ಟೆನ್ಷನ್) ಕರೆಂಟ್ ಬಿಲ್ ಕೈಗೆ ಕೊಟ್ಟು, ಏನು ಕಾಣುತ್ತದೆ ಹೇಳಿ ಅನ್ನುತ್ತೇನೆ. ಹೆಚ್ಚಿನವರು ನೇರ ಕೊನೆಯ ಮೊತ್ತಕ್ಕೆ ಹೋಗುತ್ತಾರೆ. ಇತ್ತೀಚೆಗೆ ಒಬ್ಬ ಹುಡುಗ ಕಾಂಟ್ರಾಕ್ಟ್ ಡಿಮ್ಯಾಂಡ್ (ಬೆಸ್ಕಾಂ ಜೊತೆ ಒಪ್ಪಂದವಾದ ಗರಿಷ್ಠ ಲೋಡ್) ಮತ್ತು ರೆಕಾರ್ಡೆಡ್ ಡಿಮ್ಯಾಂಡ್ (ಆ ತಿಂಗಳು ಮೀಟರ್‌ನಲ್ಲಿ ದಾಖಲಾದ ಗರಿಷ್ಠ ಲೋಡ್) ಮೇಲೆ ಬೆರಳಿಟ್ಟು, "ಸರ್, ಕರೆಂಟ್ ವಾಪಸ್ ಬಂದಾಗ ಚಿಲ್ಲರ್‌ಗಳನ್ನು ಒಟ್ಟಿಗೆ ಸ್ಟಾರ್ಟ್ ಮಾಡ್ತಿದ್ದಾರಾ?" ಅಂತ ಕೇಳಿದ. ಅವನು ಈಗ ನಮ್ಮಲ್ಲಿ ಡ್ಯೂಟಿ ಎಂಜಿನಿಯರ್.