ಟ್ಯಾಬ್ ಸಿಕ್ಕವರಿಗೆ ನನ್ನ ನಂಬರೂ ಸಿಗಬೇಕಲ್ಲ

ದಾವಣಗೆರೆಯ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಗೆ ನಾನು ಆರ್ಡರ್ ಹಿಡಿಯುವವನು. ವಾರದಲ್ಲಿ ನಾಲ್ಕು ದಿನ ಲೈನ್ ಮೇಲೆ ಇರುತ್ತೇನೆ. ಭರಮಸಾಗರ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ನನ್ನ ಪಾಲಿಗೆ ಬಂದ ಊರುಗಳು. ಮೊದಲೆಲ್ಲ ಸೀರೆ ಸ್ಯಾಂಪಲ್ ಗಂಟು ಹೊತ್ತು ತಿರುಗುತ್ತಿದ್ದೆ. ಈಗ ಹತ್ತು ಇಂಚಿನ ಟ್ಯಾಬ್‌ನಲ್ಲಿ ಫೋಟೋ ತೋರಿಸಿ ಆರ್ಡರ್ ಬರೆದುಕೊಳ್ಳುತ್ತೇನೆ. ಪಾರ್ಟಿಗಳ, ಅಂದರೆ ನಮ್ಮಲ್ಲಿ ಮಾಲು ಕೊಳ್ಳುವ ಅಂಗಡಿಯವರ, ಬಾಕಿ ಲೆಕ್ಕವೂ ಅದರಲ್ಲೇ ಇದೆ. ಅದಕ್ಕೆ ಸಿಮ್ ಇಲ್ಲ, ಬರೀ ವೈಫೈ. ನನ್ನ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಅದಕ್ಕೆ ನೆಟ್ ಬರುತ್ತದೆ.

ಎರಡು ವರ್ಷದ ಹಿಂದೆ ಅದನ್ನು ಬಸ್ಸಿನಲ್ಲಿ ಬಿಟ್ಟು ಇಳಿದೆ. ಚಳ್ಳಕೆರೆಯಲ್ಲಿ ಹತ್ತಿದ್ದೆ, ಚಿತ್ರದುರ್ಗದಲ್ಲಿ ಇಳಿದೆ, ಬಸ್ಸು ಹೊಳಲ್ಕೆರೆ ಕಡೆ ಹೋಯಿತು. ದಾವಣಗೆರೆ ಬಸ್ ಹತ್ತಿ ಕೂತು ಬ್ಯಾಗಿಗೆ ಕೈ ಹಾಕಿದಾಗಲೇ ಗೊತ್ತಾಗಿದ್ದು. ಎದೆ ಧಸಕ್ಕೆಂದಿತು. ಫೋನಿನಲ್ಲಿ ಕಳೆದದ್ದನ್ನು ಹುಡುಕಿಕೊಡುವ ಗೂಗಲ್‌ನವರ ಫೈಂಡ್ ಮೈ ಡಿವೈಸ್ ತೆರೆದೆ. ಚಳ್ಳಕೆರೆಯ ಅಂಗಡಿಯಲ್ಲಿ ಕೊನೆಗೆ ನೆಟ್ ಸಿಕ್ಕ ಹೊತ್ತನ್ನು ತೋರಿಸಿತು, ಅಷ್ಟೇ. ಹಾಟ್‌ಸ್ಪಾಟ್ ನನ್ನ ಜೇಬಿನಲ್ಲೇ ಇತ್ತಲ್ಲ, ಟ್ಯಾಬ್ ಎಲ್ಲಿದ್ದರೂ ಅದಕ್ಕೆ ನೆಟ್ ಎಲ್ಲಿಂದ ಬರಬೇಕು? ರಿಂಗ್ ಮಾಡಿದರೂ ಹೋಗಲಿಲ್ಲ. ಸಿಮ್ ಇಲ್ಲದ್ದಕ್ಕೆ ಕರೆ ಮಾಡಿ ನೋಡೋಣ ಅನ್ನುವಂತೆಯೂ ಇಲ್ಲ.

ಐದನೇ ದಿನ ಚಳ್ಳಕೆರೆಯ ಪಾರ್ಟಿಯೊಬ್ಬರು ಫೋನ್ ಮಾಡಿದರು. ‘ನಿಮ್ಮ ಟ್ಯಾಬ್ ಏನಾದ್ರೂ ಕಳೆದಿದೆಯೇನ್ರೀ?’

ಸಿಕ್ಕಿದ್ದು ಹೊಳಲ್ಕೆರೆ ಹತ್ತಿರದ ಹಳ್ಳಿಯ ಒಬ್ಬ ತಾಯಿಗೆ. ಹಿಂದಿನ ಸೀಟಿನಲ್ಲಿ ಮಗನ ಜೊತೆ ಕೂತಿದ್ದರಂತೆ. ನಾನು ಹೋಗಿ ಇಸ್ಕೊಂಡಾಗ ಆಕೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ‘ನಿಮ್ ನಂಬರ್ ಒಂದು ಬರ್ದಿದ್ರೆ ಅವತ್ತೇ ಫೋನ್ ಮಾಡ್ತಿದ್ದೆ ಅಣ್ಣಾರೆ. ಐದು ದಿನ ಇದನ್ನ ಮನೇಲಿಟ್ಕಂಡು ನಿದ್ದೆ ಇಲ್ಲ ನಂಗೆ. ಯಾರಾದ್ರೂ ಕದ್ದಿದ್ದು ಅಂದ್ರೆ?’

ಆಕೆಯ ಮಗ ಬಟನ್ ಒತ್ತಿ ನೋಡಿದ್ದ. ಪರದೆ ಮೇಲೆ ನನ್ನ ಮಗಳ ಫೋಟೋ, ಗಡಿಯಾರ, ಕೆಳಗೆ ಪಿನ್ ಕೇಳುವ ಚೌಕಗಳು. ಒಂದು ಹೆಸರಿಲ್ಲ, ಒಂದು ನಂಬರಿಲ್ಲ. ಮೂರನೇ ದಿನ ಚಾರ್ಜ್ ಸತ್ತಿತು. ಅವರ ಮನೆಯಲ್ಲಿದ್ದ ಚಾರ್ಜರ್ ಪಿನ್ ಇದಕ್ಕೆ ಕೂರುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಕವರ್ ಒಳಗಿನ ಜೇಬಿನಲ್ಲಿ ಸುಮ್ನೆ ಮಡಚಿ ತುರುಕಿದ್ದ ಒಂದು ಬಿಲ್. ಅದರ ಮೇಲೆ ಚಳ್ಳಕೆರೆ ಅಂಗಡಿಯ ನಂಬರ್ ಇತ್ತು. ಟ್ಯಾಬ್‌ಗೆ ಕೊಟ್ಟಿದ್ದು ಇಪ್ಪತ್ತು ಸಾವಿರದ ಹತ್ತಿರ, ಅದನ್ನು ಮನೆಗೆ ತಂದಿದ್ದು ಒಂದು ಚೂರು ಕಾಗದ.

ಮನೆಗೆ ಬರುವ ದಾರಿಯಲ್ಲಿ ಆ ತಾಯಿಯ ಐದು ದಿನವೇ ತಲೆಯಲ್ಲಿ ತಿರುಗುತ್ತಿತ್ತು. ನಾನು ಪಿನ್ ಹಾಕಿದ್ದು ಕಳ್ಳನಿಗೆ. ಆದರೆ ವಾಪಸ್ ಕೊಡಬೇಕು ಅನ್ನುವವರಿಗೂ ಅದೇ ಬಾಗಿಲು ಮುಚ್ಚಿತ್ತು. ಪಿನ್ ತೆಗೆಯೋಕಾಗಲ್ಲ, ಪಾರ್ಟಿಗಳ ಲೆಕ್ಕ ಒಳಗಿದೆ. ಹಾಗಾದರೆ ಬಾಗಿಲು ಹಾಕಿಯೇ ಇರಲಿ, ಹೊರಗೆ ಬೋರ್ಡ್ ಒಂದು ಇರಬೇಕು ಅಂತ ಅವತ್ತೇ ಕೂತೆ.

ಮೊದಲು ಲಾಕ್ ಸ್ಕ್ರೀನ್. ಆಂಡ್ರಾಯ್ಡ್‌ನಲ್ಲಿ ಅಲ್ಲಿ ಒಂದು ಸಾಲು ಬರೆದಿಡಲು ಜಾಗ ಇದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಒಳಗೆ ಲಾಕ್ ಸ್ಕ್ರೀನ್ ಅಂತ ಇರುತ್ತದೆ, ಅದರಲ್ಲಿ ಟೆಕ್ಸ್ಟ್ ಸೇರಿಸಬಹುದು. ಸ್ಯಾಮ್‌ಸಂಗ್‌ನಲ್ಲಿ ಲಾಕ್ ಸ್ಕ್ರೀನ್ ಸೆಟ್ಟಿಂಗ್ ಒಳಗೆ ಕಾಂಟ್ಯಾಕ್ಟ್ ಇನ್ಫರ್ಮೇಶನ್ ಅಂತ ಕೊಟ್ಟಿದ್ದಾರೆ. ಇದು ಟ್ಯಾಬ್ ಒಳಗೇ ಉಳಿಯುತ್ತದೆ, ನೆಟ್ ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಕಳೆದ ಮೇಲೆ ಫೋನಿನಿಂದ ಲಾಕ್ ಮಾಡಿ ಮೆಸೇಜ್, ನಂಬರ್ ಕಳಿಸುವ ಸೌಲಭ್ಯ ಬೇರೆ. ಫೈಂಡ್ ಮೈ ಡಿವೈಸ್‌ಗೆ 2025ರಿಂದ ಫೈಂಡ್ ಹಬ್ ಅಂತ ಹೆಸರು, ಅದರಲ್ಲಿ ಈ ಸೌಲಭ್ಯ ಇದೆ. ಐಪ್ಯಾಡ್‌ನಲ್ಲಿ ಲಾಸ್ಟ್ ಮೋಡ್ ಅನ್ನುತ್ತಾರೆ. ಒಳ್ಳೆಯವೇ. ಆದರೆ ಟ್ಯಾಬ್‌ಗೆ ನೆಟ್ ಸಿಕ್ಕರೆ ಮಾತ್ರ ಆ ಮೆಸೇಜ್ ತಲುಪೋದು. ನನ್ನಂಥ ವೈಫೈ ಟ್ಯಾಬ್ ಇದ್ದವರು ಅದನ್ನೇ ನಂಬಿ ಕೂರಬಾರದು.

ಆ ಸಾಲಿನ ಅಕ್ಷರ ಸಣ್ಣದಾಗಿ ಬಂತು. ಹಾಗಾಗಿ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಚಿತ್ರವನ್ನೇ ವಾಲ್‌ಪೇಪರ್ ಮಾಡಿದೆ. ಐಪ್ಯಾಡ್‌ನವರಿಗೂ ಇದು ನಡೆಯುತ್ತದೆ. ಮೊದಲ ಸಲ ಕೆಟ್ಟಿತು. ಮೇಲುಗಡೆ ಬರೆದಿದ್ದೆ, ಗಡಿಯಾರ ಅದರ ಮೇಲೆ ಕೂತಿತು. ಕೆಳಗೆ ಇಳಿಸಿದೆ, ಟ್ಯಾಬ್ ಅಡ್ಡ ಹಿಡಿದರೆ ಕೊನೆಯ ಎರಡು ಅಂಕೆ ಹೊರಗೆ ಹೋದವು. ಆಮೇಲೆ ಚಿತ್ರದ ನಟ್ಟನಡುವೆ ಒಂದು ಚೌಕದಷ್ಟೇ ಜಾಗದಲ್ಲಿ ಎಲ್ಲ ಬರೆದೆ. ಉದ್ದ ಹಿಡಿದರೂ ಅಡ್ಡ ಹಿಡಿದರೂ ಕಾಣುತ್ತದೆ. ವಾಟ್ಸಾಪ್ ಮೆಸೇಜ್‌ಗಳು ಬಂದು ಅದನ್ನೂ ಮುಚ್ಚುತ್ತಿದ್ದವು, ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಶನ್ ಬರದಂತೆ ಆಫ್ ಮಾಡಿದೆ. ಪಾರ್ಟಿಗಳ ಮಾತು ಬೇರೆಯವರ ಕಣ್ಣಿಗೆ ಬೀಳುವುದೂ ತಪ್ಪಿತು.

ಯಾರ ನಂಬರ್ ಹಾಕಬೇಕು ಅನ್ನೋದಕ್ಕೆ ಜಾಸ್ತಿ ಯೋಚನೆ ಮಾಡಿದೆ. ಫೋನೂ ಟ್ಯಾಬೂ ಒಂದೇ ಬ್ಯಾಗಿನಲ್ಲಿರುತ್ತವೆ. ಬ್ಯಾಗೇ ಹೋದರೆ ನನ್ನ ನಂಬರ್‌ಗೆ ಕರೆ ಮಾಡಿದವರಿಗೆ ಆ ಬ್ಯಾಗಿನೊಳಗಿನ ಫೋನೇ ಹೊಡೆದುಕೊಳ್ಳುತ್ತದೆ. ಸಿಮ್ ಇರುವ ಟ್ಯಾಬ್ ಮೇಲೆ ಅದೇ ಸಿಮ್ಮಿನ ನಂಬರ್ ಬರೆದವರನ್ನೂ ನೋಡಿದ್ದೇನೆ. ನಾನು ಎರಡು ನಂಬರ್ ಹಾಕಿದೆ. ಒಂದು 08192ರಿಂದ ಶುರುವಾಗುವ ನಮ್ಮ ಅಂಗಡಿಯ ಲ್ಯಾಂಡ್‌ಲೈನ್, ಇನ್ನೊಂದು ಮನೆಯವರ ಮೊಬೈಲ್. ಬ್ಯಾಂಕ್ ಓಟಿಪಿ ಬರುವ ನಂಬರ್ ಊರೆಲ್ಲ ಕಾಣುವಂತೆ ಹಾಕುವುದು ಬೇಡ ಅನ್ನಿಸಿತು. ಮನೆ ವಿಳಾಸವೂ ಹಾಕಿಲ್ಲ.

ಇನ್ನು ಮಾತು. ಮೊದಲು ‘ಸಿಕ್ಕಿದವರು ಕೂಡಲೇ ಹಿಂತಿರುಗಿಸಬೇಕು’ ಅಂತ ಬರೆದಿದ್ದೆ. ಓದಿದರೆ ನೋಟಿಸ್ ಕೊಟ್ಟಂತಿತ್ತು. ಮೊದಲೇ ಹೆದರಿ ಕೂತಿರುವವರನ್ನು ಇನ್ನಷ್ಟು ಹೆದರಿಸಿದಂತೆ ಅಲ್ವಾ? ಅಳಿಸಿ ಹೀಗೆ ಬರೆದೆ: ‘ಇದು ನನ್ನ ಕೈತಪ್ಪಿದೆ. ದಯವಿಟ್ಟು ಈ ನಂಬರ್‌ಗೆ ಒಂದು ಕರೆ ಮಾಡಿ. ನೀವಿರುವಲ್ಲಿಗೇ ಬಂದು ತಗೊಂಡು ಹೋಗುತ್ತೇನೆ, ಖರ್ಚು ನನ್ನದು.’ ಬಹುಮಾನ ಇಷ್ಟು ಅಂತ ಬರೆಯಬೇಕಾ ಅಂತ ಕೇಳಿದವರಿದ್ದಾರೆ. ನನಗೆ ಬೇಡ ಅನ್ನಿಸಿತು. ಕೊಡುವ ಮನಸ್ಸಿದ್ದವರು ದುಡ್ಡಿಗೆ ಕೊಡುವುದಿಲ್ಲ. ಅವರಿಗೆ ಬೇಕಿರುವುದು ಬಸ್ ಚಾರ್ಜ್ ಹಾಕಿಕೊಂಡು ಅಲೆಯುವುದು ತಪ್ಪಬೇಕು, ಯಾರೂ ಅನುಮಾನ ಪಡಬಾರದು. ಹೈವೇ ಢಾಬಾಗಳಲ್ಲಿ ಹೊರರಾಜ್ಯದ ಡ್ರೈವರ್‌ಗಳೂ ಇರುತ್ತಾರೆ, ಅವರಿಗಾಗಿ ಇಂಗ್ಲಿಷ್‌ನಲ್ಲೂ ಒಂದು ಸಾಲು ಇದೆ. ಅಂಕೆಗಳು ಮಾತ್ರ ಎಲ್ಲರಿಗೂ ಗೊತ್ತಿರುವವು.

ಪರದೆಯ ಕೆಲಸ ಚಾರ್ಜ್ ಇರುವವರೆಗೆ ಮಾತ್ರ. ಹಾಗಾಗಿ ಹಿಂಬದಿಗೂ ಬರೆಯಲೇಬೇಕಿತ್ತು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದು ಕೈ ಬೆವರಿಗೆ ಒಂದು ತಿಂಗಳಲ್ಲಿ ಮಸುಕಾಯಿತು. ಕಾಗದದ ಸ್ಟಿಕ್ಕರ್ ಅಂಚಿನಿಂದ ಎದ್ದು ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಹರಿಯಿತು. ಆಗ ಹೊಳೆದಿದ್ದು ಪಾತ್ರೆ ಅಂಗಡಿ. ಮದುವೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಕೊಡುತ್ತಾರಲ್ಲ, ಅಲ್ಲಿಗೇ ಹೋದೆ. ಅವರು ಟ್ಯಾಬ್ ತಿರುಗಿಸಿ, ಬೆರಳಿಂದ ತಟ್ಟಿ ನೋಡಿದರು. ‘ಇದರ ಹಿಂದೆ ಬ್ಯಾಟರಿ ಇರುತ್ತಲ್ರೀ?’ ಅಂದರು. ಹೌದು ಅಂದೆ. ‘ಹಂಗಾದ್ರೆ ಮಿಷನ್ ಹಚ್ಚಂಗಿಲ್ಲ’ ಅಂತ ಖಡಕ್ಕಾಗಿ ಹೇಳಿದರು. ಅವರು ಹೇಳಿದ್ದೇ ಸರಿ. ಬ್ಯಾಟರಿ ಹಿಂಬದಿಯ ತಗಡಿಗೆ ಅಂಟಿಕೊಂಡಂತೆಯೇ ಇರುತ್ತದೆ, ಕೊರೆಯುವ ಮೊನೆ ಅಲ್ಲಿ ಬೇಡವೇ ಬೇಡ. ಬದಲಿಗೆ ಎರಡು ಬೆರಳಗಲದ ತೆಳು ಸ್ಟೀಲ್ ಪಟ್ಟಿಯ ಮೇಲೆ ಹೆಸರು, ಎರಡು ನಂಬರ್ ಕೊರೆದುಕೊಟ್ಟರು. ಪಾತ್ರೆ ಮೇಲಿನ ಅದೇ ಚುಕ್ಕಿ ಚುಕ್ಕಿ ಅಕ್ಷರ. ಅದನ್ನು ಕವರ್‌ನ ಒಳಬದಿಗೆ ಎರಡೂ ಕಡೆ ಅಂಟುವ ಟೇಪ್ ಹಾಕಿ ಕೂರಿಸಿದೆ. ಕವರ್ ಬೇರೆ ಟ್ಯಾಬ್ ಬೇರೆ ಆಗಬಹುದು, ಅದಕ್ಕೇ ಟ್ಯಾಬ್‌ನ ಬೆನ್ನಿಗೂ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ ಚೀಟಿ ಅಂಟಿಸಿದೆ.

ಎಲ್ಲ ಆಯಿತು ಅಂದುಕೊಂಡು ನಿಟುವಳ್ಳಿಯ ನಮ್ಮ ದೊಡ್ಡಮ್ಮನ ಕೈಗೆ ಟ್ಯಾಬ್ ಕೊಟ್ಟೆ. ಅವರದು ಬಟನ್ ಫೋನು. ‘ಇದು ನಿಮಗೆ ರಸ್ತೇಲಿ ಸಿಕ್ತು ಅಂದ್ಕೊಳ್ಳಿ, ಯಾರದು ಅಂತ ಹೇಳಿ’ ಅಂದೆ. ಅವರು ಬಟನ್ ಒತ್ತಲೇ ಇಲ್ಲ. ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ತಿರುಗಿಸಿ ಬೆನ್ನು ನೋಡಿದರು, ಚೀಟಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ‘ಏನೋ ಬರ್ದೈತಪ್ಪ, ನನಗೆ ಕಾಣ್ತಿಲ್ಲ’ ಅಂದರು. ಅವತ್ತೇ ಚೀಟಿ ಕಿತ್ತು, ಹೆಸರು ಸಣ್ಣದು ಮಾಡಿ, ಅಂಕೆಗಳನ್ನು ಬಸ್ಸಿನ ನಂಬರ್ ಪ್ಲೇಟಿನಂತೆ ದಪ್ಪ ಮಾಡಿಸಿದೆ. ನಿಮ್ಮದನ್ನೂ ಒಬ್ಬ ಹಿರಿಯರ ಕೈಗೆ ಕೊಟ್ಟು ನೋಡಿ. ನಮಗೆ ಕಾಣದ ತಪ್ಪು ಅವರ ಕೈಯಲ್ಲಿ ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ.

ಸೀರಿಯಲ್ ನಂಬರನ್ನು ಖರೀದಿ ಬಿಲ್ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸಿಕ್ಕವರು ‘ನಿಮ್ಮದೇ ಅಂತ ಹೇಗೆ ನಂಬಲಿ’ ಅಂತ ಕೇಳಿದರೆ ಕೇಳುವುದು ಸರಿಯೇ. ಅವರೆದುರು ಪಿನ್ ಹಾಕಿ ತೆರೆದು ತೋರಿಸಿದರೆ ಸಾಕು, ಬಿಲ್ ಇದ್ದರೆ ಇನ್ನೂ ಒಳ್ಳೆಯದು. ಸಿಮ್ ಹಾಕುವ ಟ್ಯಾಬ್ ಇದ್ದವರು ಐಎಂಇಐ, ಅಂದರೆ ಅದರ ಹದಿನೈದು ಅಂಕೆಯ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಕರೆ ಮಾಡಲು ಬರುವ ಟ್ಯಾಬ್‌ನಲ್ಲಿ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಕಾಣುತ್ತದೆ, ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಕಳವೇ ಆಗಿದ್ದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ಬ್ಲಾಕ್ ಮಾಡಿಸಲು ಅದು ಬೇಕು. ವೈಫೈ ಟ್ಯಾಬ್‌ಗೆ ಐಎಂಇಐ ಇಲ್ಲ, ಆ ದಾರಿಯೂ ಇಲ್ಲ.

ಮನೆಯವರಿಗೂ ಅಂಗಡಿಯಲ್ಲಿ ಫೋನ್ ಎತ್ತುವ ಹುಡುಗನಿಗೂ ಒಂದು ಮಾತು ಹೇಳಿಟ್ಟಿದ್ದೇನೆ. ಟ್ಯಾಬ್ ಸಿಕ್ಕಿದೆ ಅಂತ ಕರೆ ಬಂದರೆ ಮೊದಲು ಧನ್ಯವಾದ ಹೇಳಿ, ಎಲ್ಲಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ, ಗದರಿಸಬೇಡಿ. ಆದರೆ ಯಾರಾದರೂ ಪಿನ್ ಹೇಳಿ, ಓಟಿಪಿ ಹೇಳಿ, ಈ ಲಿಂಕ್ ಒತ್ತಿ ಅಂದರೆ ಅಲ್ಲಿಗೇ ನಿಲ್ಲಿಸಿ. ವಾಪಸ್ ಕೊಡುವವರಿಗೆ ಅದು ಯಾವುದೂ ಬೇಕಾಗುವುದಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿನಿಂದ ಮಂಡಿಪೇಟೆಗೆ ಆಟೋದಲ್ಲಿ ಬಂದೆ. ಮಳೆ ಜೋರಿತ್ತು, ಗಂಟು ಇಳಿಸುವ ಅವಸರದಲ್ಲಿ ಟ್ಯಾಬ್ ಸೀಟಿನ ಹಿಂದೆ ಉಳಿಯಿತು. ನನಗೆ ಗೊತ್ತಾಗುವ ಮೊದಲೇ ಅಂಗಡಿಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಆಟೋ ಅಣ್ಣ ಗಡಿಯಾರ ಕಂಬದ ಹತ್ತಿರ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ‘ಸ್ಟೀಲ್ ತಟ್ಟೆ ಮೇಲೆ ಹೆಸರಿದ್ದಂಗೆ ಐತಲ್ಲ ಸಾರ್, ತಕ್ಷಣ ಕಾಣ್ತು’ ಅಂದರು. ದುಡ್ಡು ಬೇಡ ಅಂದರು, ಮೀಟರ್ ಚಾರ್ಜ್ ಮಾತ್ರ ತಗೊಂಡರು. ಜೊತೆಗೆ ನಿಂತು ಒಂದು ಟೀ ಕುಡಿದೆವು.

ಚಿಕ್ಕವರಿದ್ದಾಗ ಆಯುಧಪೂಜೆಗೆ ಮನೆಯ ಕತ್ತರಿ, ಮೀಟರ್ ಕಡ್ಡಿ, ತಕ್ಕಡಿ ಎಲ್ಲ ತೊಳೆದು ಕುಂಕುಮ ಇಡುತ್ತಿದ್ದೆವು. ಈಗ ಟ್ಯಾಬ್ ಕೂಡ ಆ ಸಾಲಿನಲ್ಲಿ ಇರುತ್ತದೆ. ಅವತ್ತು ಒರೆಸುವಾಗಲೇ ಪಟ್ಟಿ ಅಲ್ಲಾಡುತ್ತಿದೆಯಾ, ಚೀಟಿ ಎದ್ದಿದೆಯಾ ನೋಡುತ್ತೇನೆ. ಆಮೇಲೆ ದೊಡ್ಡಮ್ಮನ ಕೈಗೆ ಕೊಡುತ್ತೇನೆ. ಅವರು ಕನ್ನಡಕ ಇಲ್ಲದೆ ಒಂದೊಂದೇ ಅಂಕೆ ಜೋರಾಗಿ ಓದುತ್ತಾ ತಮ್ಮ ಬಟನ್ ಫೋನಿನಲ್ಲಿ ಒತ್ತುತ್ತಾರೆ. ಅಡುಗೆಮನೆಯಲ್ಲಿ ಮನೆಯವರ ಫೋನ್ ರಿಂಗ್ ಆದ ಮೇಲೆಯೇ ಟ್ಯಾಬ್‌ಗೆ ಕುಂಕುಮ.