ವಿಭೂತಿ ಹಾಕಿ ಉಜ್ಜಿದ ನಾಣ್ಯ

ನಾನು ಕೊಂಡ ಮೊದಲ ರೋಮನ್ ಬೆಳ್ಳಿ ನಾಣ್ಯವನ್ನು ಕೈಯಾರೆ ಹಾಳು ಮಾಡಿದೆ. ಲಂಡನ್ನಿಗೆ ಬಂದ ಹೊಸತು. ಹೇಡ್ರಿಯನ್ ಚಕ್ರವರ್ತಿಯ ಡಿನೇರಿಯಸ್ ಅದು, ಕಪ್ಪಗಿತ್ತು. ಊರಲ್ಲಿ ಹಬ್ಬದ ಹಿಂದಿನ ದಿನ ಬೆಳ್ಳಿ ದೀಪ ಉಜ್ಜುವ ಹಾಗೆ ವಿಭೂತಿ ಹಾಕಿ ಉಜ್ಜಿಬಿಟ್ಟೆ. ಫಳಫಳ ಹೊಳೆಯಿತು, ಅಕ್ಷರ ಮಾತ್ರ ಮಂಕಾಯಿತು! ಅಕ್ಷರಗಳ ಸುತ್ತ, ಗಡ್ಡದ ಸುರುಳಿಗಳ ಸಂದಿಯಲ್ಲಿ ಕೂತಿದ್ದ ಕಪ್ಪಿನಿಂದಲೇ ಅಚ್ಚು ಎದ್ದು ಕಾಣುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಬೆಲೆಯೂ ಬಿತ್ತು, ಬಿಡಿ.

ಎರಡನೆಯದನ್ನು ಉಜ್ಜಲು ಹೋಗಲಿಲ್ಲ. ಅದು ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್‌ನದು. ಅರ್ಧ ಅಕ್ಷರ ಅಂಚಿನಾಚೆ ಹೋಗಿವೆ. ಸುತ್ತಿಗೆಯಲ್ಲಿ ಹೊಡೆದ ಅಚ್ಚು ಅಲ್ವಾ, ಸರಿಯಾಗಿ ನಡುವೆ ಬಿದ್ದರೆ ಪುಣ್ಯ. ಮೇಜಿನ ದೀಪವನ್ನು ಪಕ್ಕದಲ್ಲಿ, ತೀರಾ ಕೆಳಗೆ ಇಟ್ಟು ನಾಣ್ಯವನ್ನು ನಿಧಾನವಾಗಿ ತಿರುಗಿಸಿದೆ. ಭೂತಗನ್ನಡಿಯಲ್ಲಿ ಮೊದಲು ಕಂಡಿದ್ದು ‘ಡಿವಿ’, ಲ್ಯಾಟಿನ್‌ನಲ್ಲಿ ‘ದೇವರಾದವನ’ ಅಂತ. ಅಲ್ಲಿಂದ ಉಳಿದದ್ದು ಬಿಚ್ಚಿಕೊಂಡಿತು: ದೇವರಾದ ಆಗಸ್ಟಸ್‌ನ, ಅಂದರೆ ಹಿಂದಿನ ಚಕ್ರವರ್ತಿಯ, ಮಗ. ದತ್ತುಮಗ ಅಂತ ಯಾಕೆ ಬರೆಸುತ್ತಾನೆ!

ಹಿಂಬದಿಯಲ್ಲಿ ಕುರ್ಚಿ ಮೇಲೆ ಕೂತ ಹೆಂಗಸು. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಕೊಂಬೆ. ಅವಳು ಟೈಬೀರಿಯಸ್‌ನ ತಾಯಿ ಲಿವಿಯಾ ಅನ್ನುವವರೇ ಜಾಸ್ತಿ. ಶಾಂತಿದೇವತೆ ಅನ್ನುವವರೂ ಇದ್ದಾರೆ. ನನಗೇನೋ ಎರಡೂ ನಿಜ ಅನ್ನಿಸುತ್ತದೆ. ನೋಡುವವರು ಯಾರಿಗಾದರೂ ಕೈಮುಗಿಯಲಿ ಅಂತಲೇ ಹಾಗೆ ಕೂರಿಸಿರಬೇಕು.

ಆಳ್ವಿಕೆಯ ಹೆಚ್ಚುಭಾಗ ಇದೇ ಚಿತ್ರ. ಹಾಗಾಗಿ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ತಿಳಿಯಲು ಕುರ್ಚಿಯ ಕಾಲು ನೋಡಬೇಕು. ಸಾದಾ ಕಾಲೋ, ಕೆತ್ತನೆಯದೋ? ಕೆಳಗೆ ಒಂದು ಗೆರೆಯೋ, ಎರಡೋ? ನನ್ನದರಲ್ಲಿ ಕೆತ್ತನೆಯ ಕಾಲು, ಒಂದೇ ಗೆರೆ. ಇಷ್ಟಕ್ಕೆ ಎರಡು ಸಂಜೆ ಹೋಯಿತು.

ತೂಕ 3.7 ಗ್ರಾಂ. ಆಗ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ. ಕ್ರಿ.ಶ. 64ರ ಹೊತ್ತಿಗೆ ನೀರೋ ಅದನ್ನು 96 ಮಾಡಿ, ಬೆಳ್ಳಿಗೆ ಬೆರಕೆಯನ್ನೂ ಹಾಕಿಸಿದ. ರೋಮಿನವರ ಜೊತೆ ವ್ಯವಹಾರ ಮಾಡುತ್ತಿದ್ದ ನಮ್ಮ ಕಡೆಯ ವ್ಯಾಪಾರಿಗಳು ಹಳೆಯದನ್ನೇ ಕೇಳಿ ಪಡೆದಿರಬೇಕು. ಇಂಡಿಯಾದಲ್ಲಿ ಸಿಗುವ ಡಿನೇರಿಯಸ್‌ಗಳಲ್ಲಿ ಆಗಸ್ಟಸ್, ಟೈಬೀರಿಯಸ್‌ರದ್ದೇ ಜಾಸ್ತಿ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳಲ್ಲೂ ಇವರಿಬ್ಬರದು ಇದ್ದವು. ಅದೇ ಸ್ಟೇಷನ್ನಿನಲ್ಲಿ ಎಷ್ಟು ಸಲ ರೈಲು ಕಾದಿದ್ದೇನೋ!

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. “ಎಷ್ಟು ಕಪ್ಪಾಗಿದೆಯೋ! ಸ್ವಲ್ಪ ವಿಭೂತಿ ಹಾಕಿ ಉಜ್ಜಬಾರದಾ?”