ಜನವರಿಯಲ್ಲಿ ಸಭೆ, ಜೂನ್‌ನಲ್ಲಿ ಗುಂಡಿ: ಲಡಾಖ್‌ನ ನಲ್ಲಿ ನೀರು, ನನ್ನ ಅನುಭವ

ಲಡಾಖ್‌ನ ಒಂದು ಹಳ್ಳಿಯಲ್ಲಿ ಮೈನಸ್ 20 ಡಿಗ್ರಿ ಚಳಿಯಲ್ಲೂ ನಲ್ಲಿಯಲ್ಲಿ ನೀರು ಬರುತ್ತಿದೆ. "ಅಲ್ಲಿ ಪೈಪಿನ ಯೋಜನೆ ಎಲ್ಲಾ ಸುಮ್ನೆ ಕಣಯ್ಯಾ, ಟ್ಯಾಂಕರ್ ನೀರು ಅಂತ ಬರೆದು ಕೈ ತೊಳ್ಕೋ" ಅಂದಿದ್ದ ಇಂಜಿನಿಯರ್ ಗೆಳೆಯರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಪೂರ್ವ ಲಡಾಖ್‌ನ ಎತ್ತರದ ಪ್ರಸ್ಥಭೂಮಿ ಚಾಂಗ್‌ಥಾಂಗ್ ಕಡೆಯ ಹಳ್ಳಿ, ಮೂವತ್ತು ನಲವತ್ತು ಮನೆ. ಲೇಹ್ ಪಟ್ಟಣವೇ 3,500 ಮೀಟರ್ ಎತ್ತರದಲ್ಲಿದೆ, ಇದು ಅದಕ್ಕೂ ಮೇಲೆ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್, ಅದರ ಕ್ರಿಯಾಯೋಜನೆ, ಎಸ್ಟಿಮೇಟ್ ಎಲ್ಲಾ ನಿಮಗೆ ಗೊತ್ತಿರುವುದೇ, ಬಿಡಿ.

ಅಲ್ಲಿಗೆ ದುಡ್ಡು ಬರುತ್ತದೆ, ಬರುವ ತಿಂಗಳು ಸರಿಯಿಲ್ಲ. ಏಪ್ರಿಲ್‌ನಲ್ಲಿ ಹೊಸ ಲೆಕ್ಕ ಶುರು. ಮಂಜೂರಾತಿ, ಟೆಂಡರ್ ಮುಗಿಯುವಷ್ಟರಲ್ಲಿ ಆಗಸ್ಟ್. ಪೈಪು ಚಂಡೀಗಢ ಬಿಡುವುದು ಅಕ್ಟೋಬರ್‌ಗೆ. ಆಮೇಲೆ ಶ್ರೀನಗರದ ದಾರಿಯ ಜೋಜಿ ಲಾ ಕಣಿವೆಮಾರ್ಗದಲ್ಲೂ ಹಿಮ, ಮನಾಲಿ ದಾರಿಯ ಬಾರಾಲಾಚಾದಲ್ಲೂ ಹಿಮ. ನೆಲ ಕಲ್ಲಾಗಿರುತ್ತದೆ, ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟುತ್ತದೆ. ಮಾರ್ಚ್ 31ಕ್ಕೆ ಉಳಿದ ಹಣ ವಾಪಸ್. ಹಿಂದೆ ಒಬ್ಬ ಗುತ್ತಿಗೆದಾರ ಹೇಗೋ ಮುಗಿಸಿದ್ದ. ಎರಡು ಮೂರು ಅಡಿ ಆಳದಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹೂತಿದ್ದ. ಮೊದಲ ಚಳಿಗಾಲಕ್ಕೇ ಒಳಗಿನ ನೀರು ಹೆಪ್ಪುಗಟ್ಟಿ ಅದು ಉದ್ದಕ್ಕೆ ಸೀಳಿತು. ಏಳೆಂಟು ಲಕ್ಷ ಮಣ್ಣುಪಾಲು.

ನಾನು ಗ್ರಾಮಸಭೆಯನ್ನು ಜನವರಿಗೆ ಹಾಕಿದೆ. "ಆ ಚಳಿಯಲ್ಲಿ ಯಾರ್ರೀ ಬರ್ತಾರೆ?" ಅಂತ ಕಚೇರಿಯಲ್ಲಿ ನಕ್ಕರು. ನಿಜ ಹೇಳಬೇಕೆಂದರೆ ಬೇಸಿಗೆಯಲ್ಲೇ ಯಾರೂ ಸಿಗುವುದಿಲ್ಲ. ಕೆಲವರು ಪಶ್ಮೀನಾ ಆಡುಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿ, ಕೆಲವರು ಬಾರ್ಲಿ ಹೊಲದಲ್ಲಿ, ಹುಡುಗರು ಪ್ರವಾಸಿಗರ ಹಿಂದೆ. ಹೊಸ ವರ್ಷದ ಲೋಸರ್ ಹಬ್ಬ ಮುಗಿದ ಮೇಲೆ ಎಲ್ಲರೂ ಮನೆಯಲ್ಲಿ. ಊರಿನ ಮುಖ್ಯಸ್ಥ ಗೋಬಾ ಕರೆದರು, ಬುಖಾರಿ ಒಲೆಯ ಸುತ್ತ ಕೋಣೆ ತುಂಬಿತು.

ಕೆಲಸಕ್ಕೆ ಬಂದ ಮಾತು ಹೆಂಗಸರದ್ದು. ನಕ್ಷೆಯಲ್ಲಿ ನೀರಿನ ಮೂಲ ಅಂತ ಇದ್ದದ್ದು ಹಿಮನದಿಯ ತೊರೆ. ಅದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಊರ ಕೆಳಗೆ ಒಂದು ಬುಗ್ಗೆ ಇದೆ, ಅದು ನಿಲ್ಲುವುದಿಲ್ಲ ಅಂದರು. ಮರುದಿನವೇ ಬಕೆಟ್, ಗಡಿಯಾರ ಹಿಡಿದು ಅಳೆದೆ. ಜುಲೈನಲ್ಲಿ ಅಳೆದಿದ್ದರೆ ಎಲ್ಲಾ ತೊರೆಯೂ ಗಂಗೆಯೇ, ಅಲ್ವಾ?

ಮಾರ್ಚ್ ಒಳಗೆ ಆರ್ಡರ್ ಕೊಟ್ಟೆವು. ದಾರಿ ತೆರೆದ ಕೂಡಲೇ ಲಾರಿಗಳು ಬಂದವು. ಜೂನ್, ಜುಲೈ ಪೂರ್ತಿ ಅಗೆತ, ಸೆಪ್ಟೆಂಬರ್‌ಗೆ ಮುಗಿತು. ಆಳ ಐದರಿಂದ ಆರು ಅಡಿ, ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪು. ಅರವತ್ತು ಲಕ್ಷದ ಅಂದಾಜು ಎಪ್ಪತ್ತು ದಾಟಿತು. ಹೆಚ್ಚಿದ್ದರಲ್ಲಿ ಮುಕ್ಕಾಲು ಜೆಸಿಬಿಗೆ, ಉಳಿದದ್ದು ಲಾರಿ ಬಾಡಿಗೆಗೆ. ದರಪಟ್ಟಿಯಲ್ಲಿ ಮೂರು ಅಡಿ ಇದೆ, ಆರು ಯಾಕೆ ಅಂತ ಆಡಿಟ್‌ನವರು ಹಿಡಿದುಕೊಂಡರು. ಸೀಳಿದ ಹಳೇ ಪೈಪಿನ ತುಂಡನ್ನೇ ಮೇಜಿನ ಮೇಲಿಟ್ಟೆ. ಸಹಿ ಬಿತ್ತು.

ಬುಗ್ಗೆಯ ನೀರನ್ನು ಮೇಲೆತ್ತುವ ಸೋಲಾರ್ ಪಂಪು ಹಗಲು ಮಾತ್ರ. ಬಿಸಿಲಿಗೆ ಅಲ್ಲಿ ಬರವಿಲ್ಲ. ಟ್ಯಾಂಕನ್ನು ಅರ್ಧ ಮಣ್ಣಲ್ಲಿ ಹೂತು ಹುಲ್ಲು ಮುಚ್ಚಿದ್ದೇವೆ. ಸಂಜೆ ವಾಲ್ವ್ ತಿರುಗಿಸಿ ಲೈನ್ ಖಾಲಿ ಮಾಡಬೇಕು, ನಿಂತ ನೀರೇ ಪೈಪಿಗೆ ಶತ್ರು. ಇನ್ನು ನೆಲದಿಂದ ಮೇಲೆದ್ದು ಮನೆಯೊಳಗೆ ಹೋಗುವ ಆ ಒಂದೂವರೆ ಅಡಿ ಇದೆಯಲ್ಲ, ಎಲ್ಲರೂ ಸೋಲುವುದು ಅಲ್ಲೇ. ಅದಕ್ಕೆ ಏನು ಮಾಡಿದೆ ಅಂತ ಇಲ್ಲಿ ಹೇಳುವುದಿಲ್ಲ. ಊರಿಗೆ ಬನ್ನಿ, ತೋರಿಸುತ್ತೇನೆ.

ನಡುವೆ ಒಂದು ಹುಚ್ಚು. ಲಡಾಖ್‌ನ ಇಂಜಿನಿಯರ್ ಚೆವಾಂಗ್ ನೋರ್ಫೆಲ್ 1980ರ ದಶಕದಲ್ಲೇ ಕೃತಕ ಹಿಮನದಿ ಮಾಡಿದ್ದರು. ಅಲ್ಲಿಯವರೇ ಆದ ಸೋನಮ್ ವಾಂಗ್‌ಚುಕ್ ಅವರ ಐಸ್ ಸ್ತೂಪ, ಅಂದರೆ ಚಳಿಗಾಲದಲ್ಲಿ ಪೈಪಿನ ತುದಿಯಿಂದ ಚಿಮ್ಮಿಸಿದ ನೀರು ಹೆಪ್ಪುಗಟ್ಟಿ ಏಳುವ ಮಂಜುಗಡ್ಡೆಯ ಗೋಪುರ, ನೋಡಿ ನಾವೂ ಒಂದು ಪುಟ್ಟದು ಎಬ್ಬಿಸಿದೆವು. ಗೋಪುರದ ಆಕಾರದಲ್ಲಿ ಬಿಸಿಲಿಗೆ ಬೀಳುವ ಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ. ಏಪ್ರಿಲ್, ಮೇನಲ್ಲಿ ಬಿತ್ತನೆಗೆ ನೀರು ಬೇಕು, ಹಿಮನದಿ ಕರಗುವುದು ಜೂನ್‌ಗೆ. ಆ ಸಂದಿಗೆ ಇದು. ನಮ್ಮದು ತುದಿಯ ನಾಝಲ್ ಕಟ್ಟಿಕೊಂಡು ಆಳೆತ್ತರಕ್ಕೇ ನಿಂತಿತು. ಒಬ್ಬರ ತರಕಾರಿ ಮಡಿಗೆ ಸಾಕಾಯಿತು, ಅಷ್ಟೇ.

ವಾಲ್ವ್ ತಿರುಗಿಸುವವರು ಯಾರು ಅನ್ನುವುದಕ್ಕೆ ಹೊಸ ಸಮಿತಿ ಮಾಡಲಿಲ್ಲ. ಹೊಲದ ನೀರು ಹಂಚಲು ಊರೇ ಆರಿಸುವ ಚುರ್ಪೋನ್ ಹಿಂದಿನಿಂದಲೂ ಇದ್ದಾನೆ. ಚಳಿಗಾಲದಲ್ಲಿ ಅವನಿಗೆ ಕೆಲಸ ಇರಲಿಲ್ಲ, ಈಗ ಇದೆ. ಮನೆಗೆ ತಿಂಗಳಿಗೆ ನೂರು ರೂಪಾಯಿ. ನಾಲ್ಕೈದು ಮನೆಯವರು ಬಾಕಿ ಇಟ್ಟಿದ್ದಾರೆ, ವಸೂಲಿ ಗೋಬಾ ಅವರದ್ದು. ಪಕ್ಕದ ಹಳ್ಳಿಯವರು ಮೊನ್ನೆ ಆಗಸ್ಟ್‌ನಲ್ಲಿ ಸರ್ವೆಗೆ ಕರೆದರು. ಜನವರಿಗೆ ಬರುತ್ತೇನೆ, ಅಲ್ಲಿಯವರೆಗೆ ಯಾವ ಬುಗ್ಗೆ ನಿಲ್ಲುತ್ತದೆ, ಯಾವುದು ಹರಿಯುತ್ತದೆ ನೋಡಿಟ್ಟಿರಿ ಅಂದೆ.